ಟಿಪ್ಸ್ ಬರದ ಗಂಟೆಗಳಿಗೆ ಸಂಬಳ ಎಷ್ಟು? ನಮ್ಮ ಗ್ರೂಪಿನಲ್ಲಿ ಕಾರ್ಮಿಕ ವಕೀಲೆಯ ಜೊತೆ ಪ್ರಶ್ನೋತ್ತರ

ಸುಮಾ, ಹ್ಯೂಸ್ಟನ್ (ಟೆಕ್ಸಾಸ್, ಅಮೆರಿಕ): ಇಲ್ಲಿನ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ಸರ್ವರ್ ಆಗಿದ್ದೇನೆ. ವರ್ಕ್ ಪರ್ಮಿಟ್ ಇದೆ. ಗಂಟೆಗೆ 2.13 ಡಾಲರ್, ಮಿಕ್ಕಿದ್ದು ಟಿಪ್ಸ್. ಬಾಗಿಲು ತೆರೆಯುವುದು 11:30ಕ್ಕೆ, ನಾನು 8:30ಕ್ಕೇ ಹೋಗಬೇಕು. ಎರಡು ಚೀಲ ಈರುಳ್ಳಿ ಹೆಚ್ಚಿ, ದೋಸೆ ಹಿಟ್ಟು ರುಬ್ಬಿ, ಟಾಯ್ಲೆಟ್ ತೊಳೆಯುತ್ತೇನೆ. ಆ ಮೂರು ಗಂಟೆಗೂ 2.13 ಅಷ್ಟೇ. ಇದು ಸರೀನಾ?

ವಕೀಲೆ: ಸುಮಾ, ನಿಮ್ಮ ವಿಷಯ ಓದಿ ಕಳವಳ ಆಯಿತು. ಫೆಡರಲ್, ಅಂದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಮಾಲೀಕರು 2.13 ಕೊಟ್ಟು, ಉಳಿದ 5.12 ಅನ್ನು ಟಿಪ್ಸ್ ಲೆಕ್ಕಕ್ಕೆ ಹಾಕಬಹುದು. ಟಿಪ್ಸ್ ಸಾಲದಿದ್ದರೆ ಅವರೇ ತುಂಬಿಕೊಡಬೇಕು. ಟೇಬಲ್ ಜೋಡಿಸುವುದು, ಕಾಫಿ ಮಾಡುವುದು, ಯಾವಾಗಲೋ ಒಮ್ಮೆ ಲೋಟ ತೊಳೆಯುವುದು ಸರ್ವರ್ ಕೆಲಸದಲ್ಲೇ ಸೇರುತ್ತದೆ. ಕಾರ್ಮಿಕ ಇಲಾಖೆಯ 1967ರ ನಿಯಮ ಹಾಗೆ ಹೇಳುತ್ತದೆ. ಅದರಲ್ಲೇ ಇನ್ನೊಂದು ಉದಾಹರಣೆ ಇದೆ. ಹೋಟೆಲಿನ ರಿಪೇರಿ ಕೆಲಸದವನು ವೇಟರ್ ಕೂಡ ಆಗಿದ್ದರೆ ಅವನದು ಎರಡು ಕೆಲಸ. ರಿಪೇರಿಯ ಗಂಟೆಗಳಿಗೆ ಪೂರ್ತಿ ಕೂಲಿ ಸಿಗಬೇಕು. ಒಬ್ಬ ಗಿರಾಕಿಯೂ ಇಲ್ಲದ ಹೊತ್ತಲ್ಲಿ, ದಿನಾ ಮೂರು ಗಂಟೆ ಅಡುಗೆಮನೆ ಮತ್ತು ಟಾಯ್ಲೆಟ್ ಅಂದರೆ ಅದೂ ಎರಡನೇ ಕೆಲಸವೇ ಅಂತ ನಾನು ವಾದ ಮಾಡುತ್ತೇನೆ. ಸಂಬಳದಲ್ಲಿ ಏನಾದರೂ ಹಿಡಿಯುತ್ತಾರಾ?

ಸುಮಾ: ಒಂದು ಫ್ಯಾಮಿಲಿ ಬಿಲ್ ಕೊಡದೆ ಎದ್ದು ಹೋಯಿತು. ಆ 64 ಡಾಲರ್ ನನ್ನ ಸಂಬಳದಲ್ಲಿ ಮುರಿದುಕೊಂಡರು.

ವಕೀಲೆ: 2.13 ಕೊಡುವವರು ಅದರಲ್ಲಿ ಒಂದು ಸೆಂಟೂ ಮುರಿಯುವಂತಿಲ್ಲ. ತಟ್ಟೆ ಒಡೆದರೂ ಅಷ್ಟೇ.

ಹರೀಶ: ಈ ಫಾರ್ವರ್ಡ್ ನೋಡಿ. "ಟಿಪ್ಸ್ ಇಲ್ಲದ ಕೆಲಸ 20% ಮೀರಿದರೆ, ಇಲ್ಲವೇ ಒಂದೇ ಸಮ 30 ನಿಮಿಷ ದಾಟಿದರೆ ಪೂರ್ತಿ ಕೂಲಿ. ಕೊಡದಿದ್ದರೆ ಗಲ್ಲಾದಿಂದ ತಗೊಳ್ಳಿ."

ವಕೀಲೆ: ದಯವಿಟ್ಟು ಹಂಚಬೇಡಿ. ಅದು 2021ರ ನಿಯಮ. 2024ರ ಆಗಸ್ಟ್‌ನಲ್ಲಿ ಐದನೇ ಸರ್ಕ್ಯೂಟ್ ಕೋರ್ಟ್ (ಫೆಡರಲ್ ಮೇಲ್ಮನವಿ ಕೋರ್ಟು) ರದ್ದು ಮಾಡಿದೆ. ಗಲ್ಲಾಕ್ಕೆ ಕೈ ಹಾಕಿದರೆ ಕಳ್ಳತನದ ಕೇಸು ನಿಮ್ಮ ಮೇಲೇ ಬೀಳುತ್ತದೆ.

ನಾಗರಾಜ: ನಾನು ರೆಸ್ಟೋರೆಂಟ್ ನಡೆಸುತ್ತೇನೆ. ನಾನೂ ಈರುಳ್ಳಿ ಹೆಚ್ಚುತ್ತೇನೆ. ಎಲ್ಲದಕ್ಕೂ ಕಾನೂನು ಅಂದರೆ ಬಾಗಿಲು ಹಾಕಬೇಕಾಗುತ್ತದೆ.

ಅನಿತಾ, ಸ್ಯಾನ್ ಹೋಸೆ: ಕ್ಯಾಲಿಫೋರ್ನಿಯಾದಲ್ಲಿ ಟಿಪ್ಸ್ ಬಂದರೂ ಪೂರ್ತಿ ಕನಿಷ್ಠ ಕೂಲಿ ಕೊಡಲೇಬೇಕು. ಇಲ್ಲಿ ರೆಸ್ಟೋರೆಂಟ್‌ಗಳಿಲ್ವಾ?

ನಾಗರಾಜ: ಅಲ್ಲಿ ದೋಸೆಗೆ ಎಷ್ಟು ರೇಟು ಅಂತಲೂ ಹೇಳಿ.

ಅನಿತಾ: ಲಾಭ ನಿಮ್ಮದು, ಈರುಳ್ಳಿ ಹೆಚ್ಚಿ ಕಣ್ಣೀರು ಹಾಕುವುದು ಅವರು.

ನಾಗರಾಜ: ಹತ್ತು ಜನಕ್ಕೆ ಅನ್ನ ಕೊಟ್ಟಿದ್ದೇನೆ. ನೀವೇನು ಮಾಡಿದ್ದೀರಿ?



ಕಿರಣ್: ಮೇಡಂ, ನನಗೂ 2.13. ಬೆಳಿಗ್ಗೆ ಕ್ಲೀನಿಂಗ್ ಮಾಡಿಸುತ್ತಾರೆ. ಏನು ಮಾಡಲಿ?

ವಕೀಲೆ: ಸುಮಾಗೆ ಬರೆದಿದ್ದನ್ನು ಓದಿ.

ಕಿರಣ್: ಓದಿದೆ. ನನ್ನದು ಎಫ್-1, ಸ್ಟೂಡೆಂಟ್ ವೀಸಾ. ಕ್ಯಾಶ್ ಕೊಡ್ತಾರೆ.

ವಕೀಲೆ: ದುಡಿದ ಕೂಲಿ ಕೇಳುವ ಹಕ್ಕು ನಿಮಗೂ ಇದೆ. ಆದರೆ ಪರ್ಮಿಟ್ ಇಲ್ಲದೆ ದುಡಿದರೆ ವೀಸಾಗೇ ಕುತ್ತು. ಮೊದಲು ವೀಸಾ ವಕೀಲರನ್ನು ನೋಡಿ. ಇಲ್ಲಿ ಇನ್ನು ಬರೆಯಬೇಡಿ.

ಹರೀಶ: ನ್ಯೂಯಾರ್ಕಿನಲ್ಲಿ 20% ಇನ್ನೂ ಇದೆ ಅಂತಾರಲ್ಲ?

ವಕೀಲೆ: ಅದು ಆ ರಾಜ್ಯದ ಸ್ವಂತ ನಿಯಮ. ಟೆಕ್ಸಾಸ್‌ಗೆ ಅನ್ವಯಿಸುವುದಿಲ್ಲ.

ನಾಗರಾಜ: ಈ ಗ್ರೂಪಿನಲ್ಲಿ ಮಾಲೀಕರೆಲ್ಲ ಕಳ್ಳರು ಅಂದಹಾಗಾಯಿತು.

ವಕೀಲೆ: ನಾಗರಾಜ್, ಹಾಗಂತ ಯಾರೂ ಹೇಳಿಲ್ಲ. ಜಗಳ ನಿಲ್ಲಿಸಿ. ಸುಮಾ, ಗಂಟೆಗಳನ್ನು ಬರೆದಿಟ್ಟಿದ್ದೀರಾ? ದೂರಿಗೆ ಎರಡು ವರ್ಷ ಗಡುವು. ಬೇಕೆಂದೇ ಮೋಸ ಮಾಡಿದ್ದರೆ ಮೂರು. ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವಂತಿಲ್ಲ.

ಸುಮಾ: ಆರ್ಡರ್ ಪ್ಯಾಡಿನ ಹಿಂದೆ ದಿನಾ ಬರೆದಿದ್ದೇನೆ. ಜನವರಿಯಿಂದ ಇದೆ. ಕೆಲವು ಹಾಳೆ ಹಿಟ್ಟು ಮೆತ್ತಿಕೊಂಡಿದೆ.

ವಕೀಲೆ: ಅದೇ ಬೇಕಾದ್ದು. ಇವತ್ತೇ ಮನೆಗೆ ತನ್ನಿ. ಫೋಟೋ ತೆಗೆದು ನನಗೆ ಪ್ರತ್ಯೇಕವಾಗಿ ಕಳಿಸಿ, ಗ್ರೂಪಿಗಲ್ಲ.