ಒಂದೇ ಪ್ಲೇಟಿನಲ್ಲಿ ಮನುಷ್ಯ, ಇಲಿ, ಮೀನು: ಎನ್‌ಕೆ ಅಸ್ಸೇ ಎಲ್ಲಿ ಕೆಟ್ಟಿತು?

ಗುರುಪುರ_ಹೊಳೆ (ಮಂಗಳೂರು):
ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶ ಎಷ್ಟು ಕೊಲ್ಲುತ್ತದೆ ಎಂದು ಅಳೆದೆ. ಮನುಷ್ಯರ ರಕ್ತದ ಲಿಂಫೋಸೈಟ್ (ಬಿಳಿ ರಕ್ತಕಣ), ಇಲಿಯ ಸ್ಪ್ಲೀನ್ (ಗುಲ್ಮ), ತಿಲಾಪಿಯಾ ಮೀನಿನ ತಲೆ-ಕಿಡ್ನಿ (ಕಿಡ್ನಿಯ ಮುಂಭಾಗ). ಮೂರಕ್ಕೂ ಕೆ562 (ಮನುಷ್ಯರ ಲ್ಯುಕೇಮಿಯಾ ಕೋಶ) ಟಾರ್ಗೆಟ್, ಒಂದು ಟಾರ್ಗೆಟ್‌ಗೆ 50 ಕೋಶ (50:1), 37 ಡಿಗ್ರಿ, 4 ಗಂಟೆ, ಎಲ್‌ಡಿಎಚ್ (ಸತ್ತ ಕೋಶದಿಂದ ಸೋರುವ ಎಂಜೈಮ್) ಅಳೆಯುವ ಕಿಟ್. ಮನುಷ್ಯರದ್ದು ಚೆನ್ನಾಗಿ ಬಂತು. ಇಲಿಯದ್ದು ಸೊನ್ನೆ, ಮೀನಿನದ್ದು ಮೈನಸ್. ತಪ್ಪೆಲ್ಲಿ?

ಮಣ್ಣಪಳ್ಳ:
ಇಲಿಯ ಎನ್‌ಕೆ ಕೋಶ ಕೆ562 ಅನ್ನು ಸರಿಯಾಗಿ ಕೊಲ್ಲುವುದೇ ಇಲ್ಲ. ಅದಕ್ಕೆ ಯಾಕ್-1 (ಇಲಿಯ ಲಿಂಫೋಮಾ ಕೋಶ) ಬೇಕು, ಅದೂ ಹಿಂದಿನ ದಿನ ಪಾಸೇಜ್ ಮಾಡಿದ್ದು (ಹೊಸ ಮೀಡಿಯಂಗೆ ಹಾಕಿದ್ದು). ಇನ್ನೊಂದು, 50:1 ಎಂಬ ಲೆಕ್ಕವೇ ಮೋಸದ್ದು. ಸ್ಪ್ಲೀನ್‌ನಲ್ಲಿ ಎನ್‌ಕೆ ಸುಮಾರು 3%; ಅಂದರೆ ಒಂದು ಟಾರ್ಗೆಟ್‌ಗೆ ಒಂದೂವರೆ ಎನ್‌ಕೆ. ಮನುಷ್ಯರ ರಕ್ತದಲ್ಲಿ 10% ಇದ್ದರೆ ಐದು. ಫ್ಲೋ ಸೈಟೊಮೀಟರ್‌ನಲ್ಲಿ (ಕೋಶ ಗುರುತಿಸಿ ಎಣಿಸುವ ಯಂತ್ರ) ಎಣಿಸಿ, ಎನ್‌ಕೆ ಸಂಖ್ಯೆಗೇ ಹೋಲಿಸಿ. ತಳಿಯನ್ನೂ ಬರೆದಿಡಿ: ಸಿಬಿಎ ಚುರುಕು, ಎ/ಜೆ ಮಂದ. 100 ಮೈಕ್ರೋಗ್ರಾಂ ಪಾಲಿ ಐ:ಸಿ (ಎನ್‌ಕೆಯನ್ನು ಚುರುಕುಗೊಳಿಸುವ ವಸ್ತು) ಹೊಟ್ಟೆಯೊಳಗೆ ಚುಚ್ಚಿ ಮರುದಿನ ಸ್ಪ್ಲೀನ್ ತೆಗೆದ ಒಂದು ಇಲಿ ಪಾಸಿಟಿವ್ ಕಂಟ್ರೋಲ್ ಆಗಿ ಇರಲಿ.

ಮಲ್ಪೆ_ಅಲೆ:
ಮೀನಿನ ಮೈನಸ್ಸಿಗೆ ನನ್ನ ಅನುಮಾನ ಎಫೆಕ್ಟರ್ (ಕೊಲ್ಲುವ ಕೋಶ) ಮಾತ್ರ ಇರುವ ವೆಲ್ (ಪ್ಲೇಟಿನ ಗುಂಡಿ) ಮೇಲೆ. ಅಲ್ಲಿ ಸೋರಿದ ಎಲ್‌ಡಿಎಚ್ ಅನ್ನು ನೀವು ಕಳೆಯುತ್ತೀರಿ. ಕೋಶಗಳು ತಾವೇ ಸಾಯುತ್ತಿದ್ದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮೀನಿನ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇದೆ, ಅದನ್ನು ಒಡೆಯಲು ಅಮೋನಿಯಂ ಕ್ಲೋರೈಡ್ ನೆಚ್ಚಿಕೊಳ್ಳಬೇಡಿ. 34/51% ಪರ್ಕಾಲ್ (ಸಾಂದ್ರತೆಯಿಂದ ಕೋಶ ಬೇರ್ಪಡಿಸುವ ದ್ರವ) ಹಾಕಿ, ನಡುವಿನ ಬಿಳಿ ಪದರ ಮಾತ್ರ ಎತ್ತಿ. ಅದು ಗುಲಾಬಿ ಕಂಡರೆ ಮತ್ತೊಮ್ಮೆ ಮಾಡಿ. ಉಷ್ಣತೆ 25ರಿಂದ 28 ಡಿಗ್ರಿ. ಆ ತಂಪಿನಲ್ಲಿ ಟಾರ್ಗೆಟ್‌ನ ತಾನೇ ಸೋರಿಕೆ 20% ದಾಟುತ್ತದೆಯೇ ಎಂದು ಮೊದಲೇ ನೋಡಿ. ಎಲ್-15 ಮೀಡಿಯಂ (ಕೋಶಗಳನ್ನು ಇಡುವ ಪೋಷಕ ದ್ರವ) ಆದರೆ ಸಿಒ2 ಇನ್‌ಕ್ಯುಬೇಟರಿಗೆ ಇಡಬೇಡಿ, ಹಳದಿಗೆ ತಿರುಗಿ ಪಿಎಚ್ ಬಿದ್ದುಹೋಗುತ್ತದೆ. ಒದ್ದೆ ಹತ್ತಿಯಿಟ್ಟ ಮುಚ್ಚಿದ ಡಬ್ಬಿ ಸಾಕು, ಆದರೆ ಎಸಿ ಇಲ್ಲದ ಮಂಗಳೂರಿನ ಏಪ್ರಿಲ್ ಕೋಣೆಯಲ್ಲಿ ಅಲ್ಲ ಮಾರಾಯ್ರೆ. ಸೀರಂನಲ್ಲೂ ಎಲ್‌ಡಿಎಚ್ ಇರುತ್ತದೆ, 5%ಕ್ಕಿಂತ ಕಡಿಮೆ ಹಾಕಿ. ದಕ್ಕೆಯಿಂದ ಐಸಿನಲ್ಲಿ ಬಂದ ಮೀನು ಈ ಕೆಲಸಕ್ಕೆ ಬರುವುದಿಲ್ಲ, ಜೀವಂತವೇ ಬೇಕು.

ಮಣ್ಣಪಳ್ಳ:
ಹೆಸರಿನ ಬಗ್ಗೆಯೂ ಎಚ್ಚರ. 1984ರಲ್ಲಿ ಚಾನಲ್ ಕ್ಯಾಟ್‌ಫಿಶ್‌ನ ತಲೆ-ಕಿಡ್ನಿಯಲ್ಲಿ ವಿವರಿಸಿದ್ದು ‘ನಾನ್‌ಸ್ಪೆಸಿಫಿಕ್ ಸೈಟೊಟಾಕ್ಸಿಕ್ ಸೆಲ್’. ಚಿಕ್ಕ ಕೋಶ, ನಮ್ಮ ಎನ್‌ಕೆಯಂತೆ ದೊಡ್ಡ ಕಣಗಳಿಲ್ಲ, ಟೆಟ್ರಾಹೈಮೆನಾದಂಥ ಪರಾವಲಂಬಿಯನ್ನೂ ಕೊಲ್ಲುತ್ತದೆ. ಥೀಸಿಸ್‌ನಲ್ಲಿ ಅದನ್ನು ‘ಮೀನಿನ ಎನ್‌ಕೆ’ ಎಂದು ಬರೆಯಬೇಡಿ.

ಗುರುಪುರ_ಹೊಳೆ:
ಎಫೆಕ್ಟರ್-ಮಾತ್ರ ವೆಲ್‌ಗಳ ಓದು ನೋಡಿದೆ, ಮೀನಿನದ್ದು ಮ್ಯಾಕ್ಸಿಮಂ (ಟಾರ್ಗೆಟ್‌ಗಳನ್ನೆಲ್ಲ ಒಡೆದಾಗಿನ ಓದು) ಹತ್ತಿರ ಇದೆ. ಮುಂದೆ ಹಂದಿಯ ರಕ್ತವೂ ಇದೆ, ಅದಕ್ಕೂ 4 ಗಂಟೆಯೇ?

ಮಲ್ಪೆ_ಅಲೆ:
ಸಾಲದು. ಹಂದಿಯ ಎನ್‌ಕೆ ನಿಧಾನ, ರಾತ್ರಿಯಿಡೀ, 16ರಿಂದ 18 ಗಂಟೆ ಬಿಡಿ. ಟಾರ್ಗೆಟ್-ಮಾತ್ರ ವೆಲ್‌ಗಳನ್ನೂ ಅಷ್ಟೇ ಹೊತ್ತು ಇಡಿ.