ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮೊದಲ ಪೆಲೆಟ್ ಮೇಲಕ್ಕೇ ಹೋಗುತ್ತಿದೆ (10 ಮೀಟರ್ ಏರ್ ರೈಫಲ್)

ಹಿಂಜವಡಿ ಹುಡುಗ: ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಕೆಲಸ ಪುಣೆಯಲ್ಲಿ, ಭಾನುವಾರ ಬಾಲೇವಾಡಿ ರೇಂಜ್. ಸೆಕೆಂಡ್ ಹ್ಯಾಂಡ್ ಪಿಸಿಪಿ (ಸಿಲಿಂಡರ್‌ನಲ್ಲಿ ಮೊದಲೇ ತುಂಬಿಟ್ಟ ಗಾಳಿಯಿಂದ ಹೊಡೆಯುವ) ರೈಫಲ್ ತಗೊಂಡಿದ್ದೇನೆ. ಸತತವಾಗಿ ಹೊಡೆದರೆ ಗ್ರೂಪ್ ಚೆನ್ನಾಗಿದೆ, ಎಲ್ಲವೂ ಒಂದೇ ಕಡೆ ಒತ್ತಾಗಿ ಬೀಳುತ್ತವೆ. ಚಹಾ ಕುಡಿದು ಬಂದು ಹೊಡೆದರೆ ಮೊದಲ ಪೆಲೆಟ್ (ಸೀಸದ ಪುಟ್ಟ ಗುಂಡು) ನೆಟ್ಟಗೆ ಮೇಲೆ, ಒಂಬತ್ತರ ರಿಂಗ್‌ಗೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಯೂಟ್ಯೂಬ್‌ನಲ್ಲಿ ಫೈರ್ ಫಾರ್ಮಿಂಗ್, ನೆಕ್ ಟರ್ನಿಂಗ್ ನೋಡಿದೆ. ಹಾಗೇ ಪೆಲೆಟ್‌ಗಳನ್ನೂ ತೂಗಿ, ಅಳೆದು ಆರಿಸಬೇಕಾ?

ಕೋಥ್ರೂಡ್ ಕಾಕಾ: ತಮ್ಮಾ, ಅದು ಬೇರೆಯೇ ಲೋಕ. ಸೆಂಟರ್‌ಫೈರ್ (ತಳದ ನಡುವೆ ಕಿಡಿ ಹೊತ್ತುವ) ಕಾರ್ಟ್ರಿಡ್ಜ್‌ನ ಹಿತ್ತಾಳೆ ಕೇಸ್ ಒಮ್ಮೆ ಹೊಡೆದಾಗ ಉಬ್ಬಿ ಚೇಂಬರ್‌ನ, ಅಂದರೆ ಬಂದೂಕಿನಲ್ಲಿ ಅದು ಕೂರುವ ಗೂಡಿನ, ಅಳತೆಗೆ ಕೂರುತ್ತದೆ. ಅದು ಫೈರ್ ಫಾರ್ಮಿಂಗ್. ಆ ಕೇಸ್‌ನ ಕತ್ತಿನ ದಪ್ಪ ಸುತ್ತಲೂ ಒಂದೇ ಇರಲಿ ಅಂತ ಹೊರಗಿನಿಂದ ಹೆರೆಯುವುದು ನೆಕ್ ಟರ್ನಿಂಗ್. ನಮ್ಮಲ್ಲಿ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು, ಮನೇಲಿ ಕೈ ಹಾಕೋ ವಿಷಯವೇ ಅಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಹೊಡೆದದ್ದು .22 ರಿಮ್‌ಫೈರ್ (ತಳದ ಅಂಚಿನಲ್ಲಿ ಕಿಡಿ ಹೊತ್ತುವ ಕಾರ್ಟ್ರಿಡ್ಜ್). ಅದರ ಕೇಸನ್ನು ಯಾರೂ ಮತ್ತೆ ತುಂಬೋದಿಲ್ಲ, ಬ್ಯಾರೆಲ್‌ಗೆ ಒಪ್ಪುವ ಲಾಟ್ (ಒಂದೇ ಸಲ ತಯಾರಾದ ಕಂತು) ಹುಡುಕುತ್ತಾರೆ, ಅಷ್ಟೇ. ಪೆಲೆಟ್‌ಗೂ ಅದೇ ಲೆಕ್ಕ. 4.49, 4.50, 4.51 ಮಿಲಿಮೀಟರ್ ತಲೆ ಅಳತೆಯ ಡಬ್ಬಿಗಳನ್ನು ರೈಫಲ್ ಕ್ಲ್ಯಾಂಪ್‌ನಲ್ಲಿ ಕಟ್ಟಿ ಪರೀಕ್ಷಿಸು. ತಕ್ಕಡಿಗೆ ದುಡ್ಡು ಸುರೀಬೇಡ. ಸ್ಟಾಕ್ (ರೈಫಲ್‌ನ ಹಿಡಿ ಭಾಗ) ಸ್ಕ್ರೂ ಸಡಿಲ ಆಗಿದೆಯಾ ನೋಡು.

ಬೆಳಗಾವಿ ಶೂಟರ್: ಕಾಕಾ, ಸ್ಕ್ರೂ ಸಡಿಲ ಇದ್ದರೆ ಎತ್ತಂದರೆ ಅತ್ತ ಚೆಲ್ಲಾಡಬೇಕು. ಪೆಲೆಟ್ ಕೆಟ್ಟದ್ದಾದರೂ ಅಷ್ಟೇ. ಇವರದ್ದು ಬರೀ ಮೇಲೆ, ಅದೂ ಬಿಡುವಿನ ನಂತರ ಮಾತ್ರ. ನನಗೆ ರೆಗ್ಯುಲೇಟರ್ ಮೇಲೇ ಅನುಮಾನ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ, ರೆಗ್ಯುಲೇಟರ್ ಅದನ್ನು ಇಳಿಸಿ ನಿಲ್ಲಿಸಬೇಕು. ಒಳಗಿನ ಸೀಲ್ ಸವೆದಿದ್ದರೆ, ಸರಿಯಾಗಿ ಮುಚ್ಚದ ನಲ್ಲಿ ತೊಟ್ಟಿಕ್ಕುವ ಹಾಗೆ, ಕೂತಷ್ಟು ಹೊತ್ತೂ ಒತ್ತಡ ಏರುತ್ತಲೇ ಇರುತ್ತದೆ. ಮೊದಲ ಪೆಲೆಟ್ ಜಾಸ್ತಿ ವೇಗದಲ್ಲಿ ಹೊರಡುತ್ತದೆ.

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಪೆಲೆಟ್ ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿಲಿಮೀಟರ್ ಇಳಿಯುತ್ತದೆ. ವೇಗ 178 ಆದರೆ ಹದಿನೈದೂವರೆ. ಒಂದು ರಿಂಗ್‌ನಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್ ಅಲ್ವಾ? ಅರ್ಧ ರಿಂಗ್‌ಗಿಂತ ಜಾಸ್ತಿ ಅಲ್ಲೇ ಹೋಯ್ತು.

ಹೀಗೆ ಮಾಡಿ: ಕಾಲು ಗಂಟೆ ಸುಮ್ನೆ ಇಡಿ. ಆಮೇಲೆ ಪೆಲೆಟ್ ಹಾಕದೆ ರೇಂಜ್ ಕಡೆಗೇ ಒಮ್ಮೆ ಗಾಳಿ ಬಿಡಿ, ಕೂಡಲೇ ಪೆಲೆಟ್ ಹಾಕಿ ಹೊಡೆಯಿರಿ. ಅದು ಗ್ರೂಪ್‌ಗೆ ಬಂದರೆ ಗುಮಾನಿ ಖಾತ್ರಿ. ಇದು ಅಭ್ಯಾಸಕ್ಕೆ ಮಾತ್ರ, ಸ್ಪರ್ಧೆಯಲ್ಲಿ ನಡೆಯೋದಿಲ್ಲ.

ಹಿಂಜವಡಿ ಹುಡುಗ: ಮಾಡಿ ನೋಡಿದೆ. ಗಾಳಿ ಬಿಟ್ಟು ಹೊಡೆದದ್ದು ಪ್ರತಿ ಸಲವೂ ಗ್ರೂಪ್ ಒಳಗೇ. ಗಾಳಿ ಬಿಡದೆ ಹೊಡೆದರೆ ಮತ್ತೆ ಮೇಲೆ. ಸ್ನೇಹಿತನ ಕ್ರೋನೋಗ್ರಾಫ್‌ನಲ್ಲೂ (ವೇಗ ಅಳೆಯುವ ಯಂತ್ರ) ಮೊದಲನೆಯದೇ ಜೋರು. ಸೀಲ್ ನಾನೇ ಬದಲಾಯಿಸಬಹುದಾ?

ಬೆಳಗಾವಿ ಶೂಟರ್: ಬೇಡ. ಒಳಗೆ ಒತ್ತಡ ಉಳಿದಿದ್ದರೆ ಬಿಚ್ಚಿದ ಭಾಗ ಮುಖಕ್ಕೇ ಹಾರುತ್ತದೆ. ಸರ್ವಿಸ್‌ನವರಿಗೆ ಕೊಡಿ.

ಕೋಥ್ರೂಡ್ ಕಾಕಾ: ಒಪ್ಪಿದೆನಪ್ಪಾ. ಕೊಡುವಾಗ ಸಿಲಿಂಡರ್ ಮೇಲಿನ ತಾರೀಖೂ ನೋಡು. ಸೆಕೆಂಡ್ ಹ್ಯಾಂಡ್ ಅಂದೆಯಲ್ಲ, ಅವಧಿ ಮುಗಿದಿದ್ದರೆ ಸ್ಪರ್ಧೆಗೆ ಬಿಡೋದಿಲ್ಲ. ಮಳೆಗಾಲದಲ್ಲಿ ಪೆಲೆಟ್ ಮೇಲೆ ಬಿಳಿ ಪುಡಿ ಕೂತಿದ್ದರೆ ಆ ಡಬ್ಬಿ ಬಿಡು, ಸೀಸ ಮುಟ್ಟಿದ ಕೈ ತೊಳೆಯದೆ ವಡಾಪಾವ್ ತಿನ್ನಬೇಡ.