ಮನೆ ಹಿಂದಿನ ಕನ್ಸರ್ವೆನ್ಸಿಯಲ್ಲಿ ತೋಟ ಮಾಡಬೇಕು, ಯಾವ ಥೀಮ್ ಇಡೋಣ?

ಹಿತ್ತಲಮನೆ:
ನಮ್ಮದು ಮೈಸೂರಿನ ಕೃಷ್ಣಮೂರ್ತಿಪುರಂ. ಮನೆ ಹಿಂದೆ ಒಂದು ಕನ್ಸರ್ವೆನ್ಸಿ, ಅಂದರೆ ಎರಡು ಸಾಲು ಮನೆಗಳ ಹಿತ್ತಲ ನಡುವಿನ ಓಣಿ ಇದೆ, ಹತ್ತಡಿ ಅಗಲ, ನೂರೈವತ್ತು ಅಡಿ ಉದ್ದ. ಅದು ಹೇಗಿರುತ್ತೆ ಅಂತ ಹಳೇ ಬಡಾವಣೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಡೆದ ಕಮೋಡು, ಹಳೇ ಹಾಸಿಗೆ, ಮನೆ ರಿಪೇರಿ ಮಾಡಿಸಿದವರ ಗಾರೆ ಚೂರು, ಅದರ ಮೇಲೆ ಸೊಂಟದೆತ್ತರ ಕಾಂಗ್ರೆಸ್ ಗಿಡ. ಹೋದ ತಿಂಗಳು ಎಂಟು ಮನೆಯವರು ದುಡ್ಡು ಹಾಕಿ ಎರಡು ಟ್ರ್ಯಾಕ್ಟರ್ ಲೋಡು ಸಾಗಿಸಿದೆವು. ಈಗ ಖಾಲಿ ಇದೆ. ಸುಮ್ನೆ ಬಿಟ್ಟರೆ ದಸರಾ ಹೊತ್ತಿಗೆ ಮತ್ತೆ ತಿಪ್ಪೆ, ಅದಕ್ಕೇ ತೋಟ.

ಜಗಳ ಇರೋದು ಥೀಮ್ ವಿಷಯಕ್ಕೆ. ಹಿಂದಿನ ಸಾಲಿನ ಅಜ್ಜಿಗೆ ನವಗ್ರಹ ವನ ಬೇಕು, ನನ್ನ ಮಗಳಿಗೆ ಚಿಟ್ಟೆ ತೋಟ. ಇನ್ನೊಬ್ಬರು ಔಷಧಿ ಗಿಡ ಅಂತಾರೆ, ಬೋರ್ಡೆಲ್ಲ ನಾನೇ ಬರೆಸಿಕೊಡ್ತೀನಿ ಅಂತ ಬೇರೆ. ನನಗೆ ಮಾತ್ರ ನಮ್ಮೂರಿನವೇ ಇರಲಿ ಅಂತ ಆಸೆ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಟ್ಯಾಗ್ ಇದೆ, ಜೊತೆಗೆ ಈರನಗೆರೆ ಬದನೆ. ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ? ಪರ್ಮಿಷನ್ ಬೇಕಾ?

ಹಳೇ ಓವರ್‌ಸಿಯರ್:
ಗಿಡದ ಮಾತು ಆಮೇಲೆ, ಮೊದಲು ಮ್ಯಾನ್‌ಹೋಲ್ ಎಲ್ಲೆಲ್ಲಿ ಇದೆ ನೋಡಿ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ಸಿಐಟಿಬಿ, ಅಂದರೆ ನಗರ ಸುಧಾರಣೆಯ ಮಂಡಳಿ, ಶುರುವಾಯಿತಲ್ಲ, ಗಾಳಿ ಬೆಳಕು ಇರೋ ಹೊಸ ಬಡಾವಣೆಗಳು ಬಂದಿದ್ದು ಆ ಕಾಲದಿಂದ. ಈ ಹಿಂದಿನ ಓಣಿಗಳು ಇದ್ದದ್ದು ಮಲ ಸಾಗಿಸುವವರು ಮನೆ ಮುಂದೆ ಕಾಣದ ಹಾಗೆ ಬಂದು ಹೋಗಲಿ ಅಂತ. ಆ ಪದ್ಧತಿ ಹೋಯಿತು, ಹೋಗಬೇಕಾದದ್ದೇ. ಈಗ ಎಷ್ಟೋ ಕಡೆ ಅದೇ ಜಾಗದ ಕೆಳಗೆ ಯುಜಿಡಿ (ಒಳಚರಂಡಿ) ಪೈಪು ಇದೆ. ಬ್ಲಾಕ್ ಆದಾಗ ಜೆಟ್ಟಿಂಗ್ ಮೆಷಿನ್‌ನವರು ಪೈಪು ಎಳೆದುಕೊಂಡು ಒಳಗೆ ಬರಲೇಬೇಕು. ಮಧ್ಯೆ ನಾಲ್ಕಡಿ ದಾರಿ ಬಿಟ್ಟು, ಗೋಡೆ ಪಕ್ಕ ಮೂರು ಮೂರಡಿ ಪಾತಿ ಮಾಡಿ. ಅಷ್ಟೇ ನಿಮ್ಮ ತೋಟ.

ಅಜ್ಜಿಗೆ ನಮಸ್ಕಾರ ಹೇಳಿ, ಆದರೆ ನವಗ್ರಹ ಬೇಡ ಅನ್ನಿ. ಗುರುವಿಗೆ ಅರಳಿ, ಶುಕ್ರನಿಗೆ ಅತ್ತಿ. ಎರಡೂ ಬೇರು ಬಿಟ್ಟರೆ ಪೈಪಿನ ಜಾಯಿಂಟೂ ಉಳಿಯಲ್ಲ, ನಿಮ್ಮ ಕಾಂಪೌಂಡೂ ಉಳಿಯಲ್ಲ. ಎಕ್ಕ, ಉತ್ತರಣಿ, ಗರಿಕೆ, ದರ್ಭೆ ಹಾಕಬಹುದು. ಸೂರ್ಯ, ಬುಧ, ರಾಹು, ಕೇತು, ನಾಲ್ಕು ಗ್ರಹ ಆಯ್ತಲ್ಲ!

ಜಾಗ ಪಾಲಿಕೆಯದು. ಎಂಟೂ ಮನೆಯವರು ಸಹಿ ಮಾಡಿ ವಲಯ ಕಚೇರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಗೇಟು ಮಾತ್ರ ಹಾಕಬೇಡಿ. ಗೇಟು ಬಂದ ದಿನ ಅದು ತೋಟ ಅಲ್ಲ, ಒತ್ತುವರಿ.

ಮೊಗ್ಗಿನಜಡೆ:
ದಯವಿಟ್ಟು ಆ ಬೋರ್ಡಿನವರ ಮಾತು ಕೇಳಬೇಡಿ. ಸುಟ್ಟುಕೊಂಡವಳು ನಾನು. ನಮ್ಮ ಬಡಾವಣೆಯ ಮೂಲೆ ಜಾಗದಲ್ಲಿ ಮೂರು ವರ್ಷದ ಹಿಂದೆ ಔಷಧಿ ವನ ಅಂತ ನಲವತ್ತು ಗಿಡ ಹಾಕಿದೆವು. ಉದ್ಘಾಟನೆ, ಹಾರ, ಫೋಟೋ, ಉಪ್ಪಿಟ್ಟು ಎಲ್ಲಾ ಆಯಿತು. ಮುಂದಿನ ಬೇಸಿಗೆಗೆ ಗಿಡ ಒಣಗಿ ಬೋರ್ಡು ಮಾತ್ರ ಸಾಲಾಗಿ ನಿಂತಿದ್ದವು, ಥೇಟ್ ಸಮಾಧಿ ಕಲ್ಲಿನ ಹಾಗೆ. ಯಾಕೆ ಹೇಳಿ? ಅಶ್ವಗಂಧ ಯಾರಿಗೆ ದಿನಾ ಬೇಕು? ಉಳಿದದ್ದು ಮೂರೇ, ಕರಿಬೇವು, ದೊಡ್ಡಪತ್ರೆ, ತುಳಸಿ. ಒಗ್ಗರಣೆಗೆ ಕೀಳೋಕೆ ಬಂದವರು ಹಾಗೇ ಒಂದು ಚೊಂಬು ನೀರೂ ಹಾಕಿ ಹೋಗುತ್ತಿದ್ದರು.

ಆಮೇಲೆ ಥೀಮನ್ನೇ ಬದಲಾಯಿಸಿ ಪೂಜೆ ಹೂವು ಮತ್ತು ಒಗ್ಗರಣೆ ಸೊಪ್ಪು ಅಂತ ಮಾಡಿದೆವು. ಆಗ ಹೂವು ಕೀಳುವವರ ಕಾಟ. ಬೆಳಿಗ್ಗೆ ಐದೂವರೆಗೆ ಒಬ್ಬರು ಯಜಮಾನರು, ಮಂಕಿ ಕ್ಯಾಪ್, ಕೈಯಲ್ಲಿ ತುದಿ ಬಗ್ಗಿಸಿದ ಕೋಲು, ಪ್ಲಾಸ್ಟಿಕ್ ಕವರು. ನಾವು ಏಳುವಷ್ಟರಲ್ಲಿ ಕಣಗಲೆ, ದಾಸವಾಳ ಒಂದೂ ಇರುತ್ತಿರಲಿಲ್ಲ. ಒಂದು ದಿನ ಬೇಕಂತಲೇ ಎದ್ದು ಕಾದೆ. ಜಗಳಕ್ಕೇ ಹೋಗಿದ್ದೆ, ಕೊನೆಗೆ ಕೈಗೆ ಪೈಪು ಕೊಟ್ಟು "ಕೀಳಿ ಸಾರ್, ಆದರೆ ನೀರು ನಿಮ್ಮದು" ಅಂದೆ. ಈಗ ಅವರೇ ನಮ್ಮ ಮಾಲಿ. ಊರಿಗೆ ಹೋದರೆ ಫೋನ್ ಮಾಡಿ ನೀರು ಹಾಕಿದಿರಾ ಅಂತ ಕೇಳ್ತಾರೆ.

ಕೆಂಪುಮಣ್ಣು:
ನಿಮ್ಮ ಮೈಸೂರು ಥೀಮ್ ನನಗೂ ಇಷ್ಟ, ಆದರೆ ರಸಬಾಳೆ ಬಿಡಿ. ನಂಜನಗೂಡಿನಲ್ಲೇ ಪನಾಮಾ ಅನ್ನೋ ಬಾಳೆ ಸೊರಗು ರೋಗಕ್ಕೆ ತೋಟಗಳು ಹೋದವು, ಅದನ್ನ ತರೋ ಶಿಲೀಂಧ್ರ ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಟ್ಟಲೆ ಇರುತ್ತೆ. ಮಲ್ಲಿಗೆಯನ್ನ ಬಿಸಿಲು ಜಾಸ್ತಿ ಬೀಳೋ ಕಡೆ ಹಾಕಿ. ವೀಳ್ಯದೆಲೆಗೆ ಉಲ್ಟಾ, ನೆರಳು ಮತ್ತು ತೇವ ಬೇಕು. ಒಂದು ನುಗ್ಗೆನೋ ಅಗಸೆನೋ ನೆಟ್ಟು ಅದಕ್ಕೆ ಹಬ್ಬಿಸಿ, ಮ್ಯಾನ್‌ಹೋಲಿಂದ ದೂರ ಇರಲಿ.

ಗಾರೆ ಬಿದ್ದಿದ್ದ ಜಾಗ ಅಂದಿರಿ, ಅಲ್ಲಿ ಸುಣ್ಣ, ಸಿಮೆಂಟು ಸೇರಿರುತ್ತೆ. ನೇರ ಗುಂಡಿ ತೋಡಿ ನೆಟ್ಟರೆ ಎಲೆ ಹಳದಿ ಆಗುತ್ತೆ. ಇಟ್ಟಿಗೆ ಕಟ್ಟಿ ಒಂದಡಿ ಕೆಂಪು ಮಣ್ಣು, ಗೊಬ್ಬರ ತುಂಬಿ.

ಇನ್ನು ಮಗಳ ಚಿಟ್ಟೆ. ಅದಕ್ಕೆ ಬೇರೆ ತೋಟ ಯಾಕೆ? ಕರಿಬೇವು, ನಿಂಬೆ ಇದ್ದರೆ ಚಿಟ್ಟೆ ತಾನಾಗೇ ಬಂದು ಮೊಟ್ಟೆ ಇಡುತ್ತೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಗೆ ಕಾಣೋದೇ ಅದರ ಮರಿ ಹುಳ, ಔಷಧಿ ಹೊಡೆಯಬೇಡಿ. ಅಜ್ಜಿಯ ಎಕ್ಕಕ್ಕೆ ಕಿತ್ತಳೆ ಬಣ್ಣದ ಚಿಟ್ಟೆ ಬರುತ್ತೆ, ಅಲ್ಲಿಗೆ ಅಜ್ಜಿ ಮೊಮ್ಮಕ್ಕಳ ಜಗಳ ಮುಗೀತು. ಎಕ್ಕದ ಹಾಲು ಮಾತ್ರ ಮಕ್ಕಳ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಹಿತ್ತಲಮನೆ:
ಓವರ್‌ಸಿಯರ್ ಸಾರ್, ಟೇಪು ಹಿಡಿದು ಹೋಗಿ ನೋಡಿದೆ. ಮೂರು ಮ್ಯಾನ್‌ಹೋಲ್ ಇದೆ, ಒಂದು ಪೂರ್ತಿ ಗಾರೆ ಕೆಳಗೆ ಮುಚ್ಚಿಹೋಗಿತ್ತು. ಹತ್ತು ವರ್ಷದಿಂದ ಇಲ್ಲಿದ್ದೀನಿ, ಗೊತ್ತೇ ಇರಲಿಲ್ಲ. ಬೋರ್ಡಿನವರು ಸ್ವಲ್ಪ ಮುನಿಸಿಕೊಂಡಿದ್ದಾರೆ, ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕೋದು ಯಾವ ಮನೆಯವರು ಯಾವ ದಿನ ಅಂತ ಪಾಳಿ ಬೋರ್ಡು ಬರೆಸಿ ಅಂತ ಅವರಿಗೇ ಒಪ್ಪಿಸಿದೆ. ಅಜ್ಜಿ ನಾಲ್ಕು ಗ್ರಹಕ್ಕೆ ಒಪ್ಪಿದರು, ಶನಿ ಇಲ್ಲದಿದ್ದರೆ ಒಳ್ಳೇದೇ ಆಯ್ತು ಅಂದರು.

ಈರನಗೆರೆ ಬದನೆ ಸಸಿ ಯಾರ ಹತ್ತಿರವಾದರೂ ಇದೆಯಾ? ಇಪ್ಪತ್ತು ಸಾಕು, ನಾನೇ ಬಂದು ತಗೊಂಡು ಹೋಗ್ತೀನಿ.